ಪದಚರ್ಚೆ: ‘ಚಿಂದಿ ಆಯುವವರು’ ಎಂಬ ಬಳಕೆ ಇಂದಿಗೂ ಸರಿಯೇ?

ಮಾನ್ಯರೇ,

ಬೆಂಗಳೂರಿನ ಬೀದಿಗಳಲ್ಲಿ ನಸುಕಿನಲ್ಲೇ ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು ಹೊರಟು, ಜನ ಬಿಸಾಡಿದ ರಟ್ಟು, ಪ್ಲಾಸ್ಟಿಕ್ ಬಾಟಲಿ, ಹಾಲಿನ ಕವರು, ತಗಡಿನ ಡಬ್ಬಗಳನ್ನು ಆಯ್ದು ಗುಜರಿ ಅಂಗಡಿಗೆ ಮಾರಿ ಬದುಕುವವರನ್ನು ಬರವಣಿಗೆಯಲ್ಲಿ ಏನೆಂದು ಕರೆಯುವುದು ಸೂಕ್ತ ಎಂಬುದರ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ. ಪತ್ರಿಕೆಗಳಲ್ಲಿ ರೂಢಿಯಾಗಿರುವುದು ‘ಚಿಂದಿ ಆಯುವವರು’. ಚಿಂದಿ ಎಂದರೆ ಹರಿದ ಬಟ್ಟೆಯ ತುಂಡು. ಇಂದು ಇವರ ಚೀಲದಲ್ಲಿ ಬಟ್ಟೆಗೆ ಹೆಚ್ಚಿನ ಪಾಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಆ ಪದದಲ್ಲಿರುವ ತಾತ್ಸಾರವು ವಸ್ತುವನ್ನು ಬಿಟ್ಟು ಮನುಷ್ಯರಿಗೇ ಅಂಟಿಕೊಳ್ಳುತ್ತದೆ.

ಕೆಲವರು ಗೌರವದ ದೃಷ್ಟಿಯಿಂದ ಇವರನ್ನೂ ‘ಪೌರಕಾರ್ಮಿಕರು’ ಎಂದು ಬರೆಯುತ್ತಾರೆ. ‘ಜಾಡಮಾಲಿ’ಯಂತಹ ಹಳೆಯ ಹೆಸರನ್ನು ಸರಿಸಿ ‘ಪೌರಕಾರ್ಮಿಕ’ ನೆಲೆನಿಂತದ್ದು ಕನ್ನಡಕ್ಕೆ ಆದ ದೊಡ್ಡ ಲಾಭವೇ ಸರಿ, ಆದರೆ ಅದು ನಗರಾಡಳಿತದ ಸ್ವಚ್ಛತಾ ಕೆಲಸದಲ್ಲಿ ಇರುವವರ ಹೆಸರು. ಬೀದಿಯಲ್ಲಿ ಆಯುವವರಿಗೆ ಸಂಬಳವಿಲ್ಲ, ಹಾಜರಿ ಪುಸ್ತಕವಿಲ್ಲ. ಅಂದು ಮಾರಿದ ಮಾಲಿನ ತೂಕವೇ ಅಂದಿನ ದುಡಿಮೆ. ಇಬ್ಬರನ್ನೂ ಒಂದೇ ಪದದಲ್ಲಿ ಸೇರಿಸಿದರೆ, ಪೌರಕಾರ್ಮಿಕರಿಗೆ ಘೋಷಿಸಿದ ಸವಲತ್ತು ಇವರಿಗೂ ಸಿಕ್ಕಿತೆಂದು ಓದುಗರು ತಪ್ಪಾಗಿ ತಿಳಿಯುವ ಸಂಭವವಿದೆ. ಬೆಂಗಳೂರಿನ ಮಹಾನಗರ ಪಾಲಿಕೆ 2011ರಲ್ಲಿ ಇವರಿಗೆ ಗುರುತಿನ ಚೀಟಿ ಕೊಡತೊಡಗಿತು. 2016ರ ಕೇಂದ್ರ ಸರ್ಕಾರದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಇವರನ್ನು ಪ್ರತ್ಯೇಕವಾಗಿ ವ್ಯಾಖ್ಯಾನಿಸಿದವು. ಕಾನೂನು ಬೇರೆಯಾಗಿ ಗುರುತಿಸಿದವರಿಗೆ ಭಾಷೆಯಲ್ಲಿಯೂ ಬೇರೆ ಹೆಸರಿರಬೇಕು.

ಸರ್ಕಾರಿ ಕಾಗದಪತ್ರಗಳ ಶೈಲಿಯಲ್ಲಿ ‘ತ್ಯಾಜ್ಯ ಆಯುವವರು’ ಎನ್ನಬಹುದು. ನನಗೆ ಅದು ಒಪ್ಪಿಗೆಯಾಗುವುದಿಲ್ಲ. ತ್ಯಾಜ್ಯವೆಂದರೆ ತ್ಯಜಿಸತಕ್ಕದ್ದು, ಇವರು ಆಯುವುದಾದರೋ ತ್ಯಜಿಸಬಾರದಿದ್ದುದನ್ನು.

‘ಆಯು’ ಎಂಬ ಕ್ರಿಯಾಪದವನ್ನು ಮಾತ್ರ ಬಿಡಬಾರದೆಂದು ನನ್ನ ಬಲವಾದ ಅಭಿಪ್ರಾಯ. ಅದು ಬರೀ ನೆಲದಿಂದ ಎತ್ತಿಕೊಳ್ಳುವುದಲ್ಲ. ನೋಡಿ, ಬೇಕಾದುದನ್ನು ಬೇರ್ಪಡಿಸಿ ತೆಗೆದುಕೊಳ್ಳುವ ವಿವೇಕವೂ ಅದರ ಅರ್ಥದಲ್ಲಿ ಸೇರಿದೆ. ಈ ಕೆಲಸದಲ್ಲಿ ಪಳಗಿದವರು ಪ್ಲಾಸ್ಟಿಕ್ಕನ್ನು ಬೆರಳಲ್ಲಿ ಹಿಸುಕಿ, ಅದು ಮಾಡುವ ಸದ್ದಿನಿಂದಲೇ ಯಾವ ಜಾತಿಯದೆಂದು ಹೇಳಬಲ್ಲರು. ನೀರಿನ ಬಾಟಲಿಯ ಮುಚ್ಚಳವನ್ನು ತಿರುಗಿಸಿ ತೆಗೆದು ಬೇರೆ ಚೀಲಕ್ಕೆ ಹಾಕುವುದು ಏಕೆಂದರೆ ಬಾಟಲಿಯ ಪ್ಲಾಸ್ಟಿಕ್ಕೇ ಬೇರೆ, ಮುಚ್ಚಳದ್ದೇ ಬೇರೆ. ಎರಡಕ್ಕೂ ದರ ಒಂದೇ ಅಲ್ಲ. ಇಷ್ಟೆಲ್ಲ ತಿಳಿವಳಿಕೆಯನ್ನು ‘ಆಯು’ ಹೊರಬಲ್ಲದು. ಹನ್ನೆರಡನೆಯ ಶತಮಾನದ ಶರಣ ದಂಪತಿಗಳಾದ ಮಾರಯ್ಯ ಮತ್ತು ಲಕ್ಕಮ್ಮನವರ ಹೆಸರಿಗೆ ಅಂಟಿಕೊಂಡ ‘ಆಯ್ದಕ್ಕಿ’ಯಲ್ಲಿರುವುದೂ ಇದೇ ಧಾತು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯುವುದು ಅವರ ಕಾಯಕವಾಗಿತ್ತು, ಆ ಹೆಸರನ್ನು ನಾವು ಇಂದಿಗೂ ಗೌರವದಿಂದಲೇ ಹೇಳುತ್ತೇವೆ.

ಆದ್ದರಿಂದ ‘ಗುಜರಿ ಆಯುವವರು’ ಎಂಬ ಬಳಕೆಯನ್ನು ಪರಿಶೀಲನೆಗೆ ಮುಂದಿಡುತ್ತಿದ್ದೇನೆ. ಗುಜರಿ ಎಂಬುದರಲ್ಲಿ ಹಳೆಯದಾದರೂ ಬೆಲೆಯುಳ್ಳದ್ದು ಎಂಬ ಅರ್ಥವಿದೆ. ಇದಕ್ಕೆ ಒಂದು ತೊಡಕೂ ಇದೆ: ಮನೆಮನೆಗೆ ಬಂದು, ಹಳೆಯ ಪೇಪರು, ಕಬ್ಬಿಣವನ್ನು ತೂಗಿ, ಹಣ ಕೊಟ್ಟು ಒಯ್ಯುವವರನ್ನು ಈಗಾಗಲೇ ‘ಗುಜರಿಯವರು’ ಎನ್ನುತ್ತೇವೆ. ಅವರು ಕೊಳ್ಳುವವರು, ಇವರು ಆಯುವವರು. ಕ್ರಿಯಾಪದವನ್ನು ಉಳಿಸಿಕೊಂಡರೆ ಗೊಂದಲವಾಗದು ಎಂದು ಭಾವಿಸಿದ್ದೇನೆ.

ಕರಾವಳಿಯ ಕನ್ನಡದಲ್ಲಿ ಇಂತಹ ಸಂದರ್ಭಕ್ಕೆ ‘ಹೆಕ್ಕು’ ಸಹಜ. ಅಲ್ಲಿಯವರ ಕಿವಿಗೆ ‘ಆಯು’ ಮತ್ತು ‘ಹೆಕ್ಕು’ಗಳ ನಡುವೆ ಅರ್ಥವ್ಯತ್ಯಾಸ ಕೇಳಿಸುತ್ತದೆಯೇ? ಹುಬ್ಬಳ್ಳಿ-ಧಾರವಾಡ, ಕಲಬುರಗಿ, ಬಳ್ಳಾರಿ ಕಡೆಯ ಆಡುಮಾತಿನಲ್ಲಿ ಇವರಿಗೆ ಬೇರೆ ಹೆಸರುಗಳಿವೆಯೇ? ಎಲ್ಲಕ್ಕಿಂತ ಹೆಚ್ಚಾಗಿ, ಈ ಕೆಲಸದಲ್ಲಿರುವವರೊಡನೆ ನಿಕಟವಾಗಿ ಒಡನಾಡಿದವರು ಯಾರಾದರೂ ಇದ್ದರೆ, ‘ಏನು ಕೆಲಸ ಮಾಡುತ್ತೀರಿ’ ಎಂದು ಕೇಳಿದಾಗ ಅವರು ತಮ್ಮ ಬಾಯಿಂದ ಹೇಳಿಕೊಳ್ಳುವ ಪದ ಯಾವುದೆಂದು ದಯವಿಟ್ಟು ತಿಳಿಸಬೇಕು.