ಮಗನಿಗೆ 18 ತುಂಬಲು ಏಳೇ ವಾರ, ಅಮ್ಮನ ಅಮೆರಿಕ ಪೌರತ್ವದ ಓತ್ ಇನ್ನೂ ಆಗಿಲ್ಲ

ಪ್ರಶ್ನೆ:
ಅಮೆರಿಕದಲ್ಲಿದ್ದೇವೆ, ನಾಲ್ವರಿಗೂ ಗ್ರೀನ್ ಕಾರ್ಡ್ ಇದೆ. ಹೆಂಡತಿಯ ಎನ್-400 (ಪೌರತ್ವದ ಅರ್ಜಿ) ಇಂಟರ್‌ವ್ಯೂ ಪಾಸಾಗಿದೆ, ಓತ್ (ಪ್ರಮಾಣವಚನ) ತಾರೀಖು ಬಂದಿಲ್ಲ. ನಾನು ಇನ್ನೂ ಅರ್ಜಿ ಹಾಕಿಲ್ಲ. ಮಗನಿಗೆ ಏಳು ವಾರದಲ್ಲಿ 18 ತುಂಬುತ್ತೆ, ಮಗಳಿಗೆ 12. ಮಕ್ಕಳಿಗೆ ಬೇರೆ ಅರ್ಜಿ ಹಾಕಬೇಕಾ? ಇಬ್ಬರು ಪಾಲಕರೂ ಸಿಟಿಜನ್ ಆಗಿರಬೇಕಾ?

ಉತ್ತರ 1:
ಒಬ್ಬರಾದರೆ ಸಾಕು. 2001ರ ಫೆಬ್ರವರಿ 27ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ತಂದೆ ಅಥವಾ ತಾಯಿ ಸಿಟಿಜನ್ ಆಗಿರಬೇಕು, ಮಗುವಿಗೆ ಗ್ರೀನ್ ಕಾರ್ಡ್ ಇರಬೇಕು, ವಯಸ್ಸು 18ರ ಒಳಗಿರಬೇಕು, ಆ ಸಿಟಿಜನ್ ಪಾಲಕರ ಕಸ್ಟಡಿಯಲ್ಲಿ ಅಮೆರಿಕದಲ್ಲೇ ವಾಸವಿರಬೇಕು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಮುಖ್ಯವಲ್ಲ. ನಾಲ್ಕೂ ಕೂಡಿಬಂದ ಗಳಿಗೆಯಲ್ಲಿ ಪೌರತ್ವ ತಾನಾಗಿಯೇ ಬರುತ್ತೆ, ಅರ್ಜಿ ಬೇಡ.

ಆದರೆ ಇಂಟರ್‌ವ್ಯೂ ಪಾಸಾದ ದಿನಕ್ಕೆ ಬೆಲೆಯಿಲ್ಲ. ನಿಮ್ಮ ಹೆಂಡತಿ ಸಿಟಿಜನ್ ಆಗೋದು ಓತ್ ತೆಗೆದುಕೊಂಡ ದಿನ. ಅದು ಮಗನ 18ನೇ ಹುಟ್ಟುಹಬ್ಬದ ಮುಂಚೆಯೇ ಆಗಬೇಕು. ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಮಕ್ಕಳ ವಯಸ್ಸನ್ನು ಹಿಡಿದಿಡುವ ಲೆಕ್ಕಾಚಾರ ಇದೆಯಲ್ಲ, ಅದು ಇಲ್ಲಿಗೆ ಅನ್ವಯಿಸೋದಿಲ್ಲ. ಒಂದು ದಿನ ತಡವಾದರೂ ಮಗ ತನ್ನದೇ ಎನ್-400 ಹಾಕಬೇಕು, ಅದಕ್ಕೆ ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕು ಐದು ವರ್ಷ ಆಗಿರಬೇಕು. ಮಗಳ ಬಗ್ಗೆ ಯೋಚನೆ ಬೇಡ.

ಉತ್ತರ 2:
ಈ ವಾರವೇ ಮಾಡಬೇಕಾದ ಕೆಲಸ: ಇಂಟರ್‌ವ್ಯೂ ಆದ ಕಚೇರಿಗೆ ಪತ್ರ ಬರೆದು ಓತ್ ಬೇಗ ಕೊಡಿ ಎಂದು ಕೇಳಿ. ಮಗನ ಜನನ ಪತ್ರ, ಗ್ರೀನ್ ಕಾರ್ಡಿನ ಎರಡೂ ಬದಿಯ ನಕಲು ಲಗತ್ತಿಸಿ, ಹುಟ್ಟಿದ ತಾರೀಖನ್ನು ಪತ್ರದ ಮೊದಲ ಸಾಲಲ್ಲೇ ಹಾಕಿ. ಕೊಟ್ಟೇ ಕೊಡುತ್ತಾರೆ ಅಂತೇನೂ ಇಲ್ಲ, ಆದರೆ ಕೇಳದಿದ್ದರೆ ಮಗನ ವಯಸ್ಸು ಅವರ ಗಮನಕ್ಕೇ ಬರೋದಿಲ್ಲ.

ಇನ್ನೊಂದು, ಬಹಳ ಜನ ಎಡವೋದು ಇಲ್ಲೇ. ಎನ್-400ರಲ್ಲಿ ಹೆಸರು ಬದಲಾವಣೆ ಕೇಳಿದ್ದಾರಾ? ಕೇಳಿದ್ದರೆ ಓತ್ ಕೋರ್ಟಿನಲ್ಲೇ ಆಗಬೇಕು, ಏಕೆಂದರೆ ಹೆಸರು ಬದಲಿಸುವ ಅಧಿಕಾರ ಇಮಿಗ್ರೇಶನ್ ಕಚೇರಿಗಿಲ್ಲ. ಕೋರ್ಟಿನ ಸಮಾರಂಭಗಳು ಅಪರೂಪಕ್ಕೆ ನಡೆಯುತ್ತವೆ, ಏಳು ವಾರ ಹಾಗೇ ಸರಿದುಹೋಗಬಹುದು. ಆ ಕೋರಿಕೆ ಕೈಬಿಡುತ್ತೇವೆ ಎಂದು ಅದೇ ಪತ್ರದಲ್ಲಿ ಬರೆದುಕೊಡಿ. ಹೆಸರನ್ನು ಆಮೇಲೆ ರಾಜ್ಯದ ಕೋರ್ಟಿನಲ್ಲೂ ಬದಲಿಸಿಕೊಳ್ಳಬಹುದು, ಮಗನ ವಯಸ್ಸನ್ನು ಹಿಂದಕ್ಕೆ ತರೋಕಾಗಲ್ಲ.

ಉತ್ತರ 3:
ಓತ್ ಆದ ಮೇಲಿನ ದಾಖಲೆ ಬಗ್ಗೆ. ಮಕ್ಕಳ ಹೆಸರಿನಲ್ಲಿ ತಾನಾಗಿ ಯಾವ ಕಾಗದವೂ ಬರೋದಿಲ್ಲ. ಮೊದಲು ಪಾಸ್‌ಪೋರ್ಟ್ ಮಾಡಿಸಿ: ಡಿಎಸ್-11 ಫಾರ್ಮ್, ತಾಯಿಯ ನ್ಯಾಚುರಲೈಸೇಶನ್ ಸರ್ಟಿಫಿಕೇಟ್ (ಪೌರತ್ವ ಸಿಕ್ಕಿದ್ದಕ್ಕೆ ತಾಯಿಗೆ ಕೊಡುವ ಪತ್ರ), ಮಗುವಿನ ಜನನ ಪತ್ರ, ಗ್ರೀನ್ ಕಾರ್ಡ್, ಎಲ್ಲ ಮೂಲ ಪ್ರತಿಗಳು. 16ರ ಒಳಗಿನವರಿಗೆ 100 ಡಾಲರ್, ಮೇಲಿನವರಿಗೆ 130, ಜೊತೆಗೆ 35 ಡಾಲರ್ ಕೌಂಟರ್ ಶುಲ್ಕ. ಮಗಳ ಅರ್ಜಿಗೆ ನೀವಿಬ್ಬರೂ ಹೋಗಬೇಕು. ಒಬ್ಬರಿಗೆ ಆಗದಿದ್ದರೆ ಡಿಎಸ್-3053 ಒಪ್ಪಿಗೆ ಪತ್ರಕ್ಕೆ ನೋಟರಿ ಮಾಡಿಸಿ ಕಳಿಸಿ.

ಜನನ ಪತ್ರವನ್ನು ಈಗಲೇ ತೆಗೆದು ನೋಡಿ. ನಮ್ಮೂರಿನ ಹಳೆಯ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುತ್ತೆ, ಇಲ್ಲವೇ ತಾಯಿಯ ಹೆಸರು ಬರೀ ಇನಿಶಿಯಲ್ ಜೊತೆ ಇದ್ದು ಸರ್ಟಿಫಿಕೇಟಿಗೆ ತಾಳೆಯಾಗಲ್ಲ. ತಾಯಿ-ಮಗು ಸಂಬಂಧ ತೋರಿಸೋದೇ ಆ ಕಾಗದ.

ಎನ್-600 ಸರ್ಟಿಫಿಕೇಟ್ (ಮಗುವಿನ ಹೆಸರಿನ ಪೌರತ್ವ ಪ್ರಮಾಣಪತ್ರ) ದುಬಾರಿ, 2024ರ ಏಪ್ರಿಲ್ ದರದಂತೆ ಆನ್‌ಲೈನ್ 1,335 ಡಾಲರ್, ಕಾಗದದಲ್ಲಿ 1,385. ಆದರೂ ನನ್ನ ಮಟ್ಟಿಗೆ ಮಾಡಿಸೋದೇ ವಾಸಿ. ಪಾಸ್‌ಪೋರ್ಟಿಗೆ ಅವಧಿ ಇದೆ, ಇದಕ್ಕಿಲ್ಲ. 18 ದಾಟಿದ ಮೇಲೂ ಹಾಕಬಹುದು, ಹಾಗಾಗಿ ಆತುರವಿಲ್ಲ. ಸೋಶಿಯಲ್ ಸೆಕ್ಯುರಿಟಿ ದಾಖಲೆಯಲ್ಲಿ ಮಾತ್ರ ಮಕ್ಕಳು ಸಿಟಿಜನ್ ಎಂದು ಬೇಗ ತಿದ್ದಿಸಿ.

ಉತ್ತರ 2 (ಮತ್ತೆ):
ಪ್ರಯಾಣದ ಟಿಕೆಟ್ ಇದ್ದರೆ ಹುಷಾರ್. ಓತ್ ಆದ ದಿನದಿಂದ ಮಕ್ಕಳು ಅಮೆರಿಕದ ಪಾಸ್‌ಪೋರ್ಟಿನಲ್ಲೇ ಓಡಾಡಬೇಕು. ಅದು ಕೈಗೆ ಬಂದ ಮೇಲೆ ಭಾರತದ ಪಾಸ್‌ಪೋರ್ಟ್ ಸರೆಂಡರ್, ಆಮೇಲೆ ಒಸಿಐ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಅಥವಾ ವೀಸಾ.

ಉತ್ತರ 1 (ಮತ್ತೆ):
ಇದೇ ಸ್ಥಿತಿಯಲ್ಲಿರುವ ಬೇರೆಯವರಿಗೆ: ಮಲಮಕ್ಕಳಿಗೆ ಈ ನಿಯಮ ಸಿಗೋದಿಲ್ಲ, ಕಾನೂನುಬದ್ಧವಾಗಿ ದತ್ತು ಪಡೆದಿರಬೇಕು. ವಿಚ್ಛೇದನ ಆಗಿದ್ದರೆ ಸಿಟಿಜನ್ ಆದ ಪಾಲಕರ ಜೊತೆ ಮಗು ವಾಸವಿತ್ತು ಅನ್ನೋದಕ್ಕೆ ಕಸ್ಟಡಿ ಆದೇಶ, ಶಾಲೆಯ ದಾಖಲೆ ಜೋಡಿಸಿಟ್ಟುಕೊಳ್ಳಿ.