ಎಮಿಷನ್ ಟೆಸ್ಟ್‌ನಲ್ಲಿ ಪೆಟ್ರೋಲ್ ಕಾರು ಫೇಲ್: ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಲೇಬೇಕೇ?

ಪ್ರಶ್ನೆ (ಧಾರವಾಡದ ಶಿಕ್ಷಕಿ):
ನಮಸ್ಕಾರ ಅಣ್ಣಾವರೆ. ನನ್ನದು 2017ರ ಪೆಟ್ರೋಲ್ ಕಾರು, ಬಿಎಸ್-4 ಮಾಲಿನ್ಯ ಮಾನದಂಡದ್ದು, 71,000 ಕಿ.ಮೀ. ಓಡಿದೆ. ವರ್ಷದ ಎಮಿಷನ್ ಸರ್ಟಿಫಿಕೇಟಿನ ಅವಧಿ ಮುಗಿಯಿತೆಂದು ಮೊನ್ನೆ ಟೆಸ್ಟ್ ಮಾಡಿಸಿದರೆ ಫೇಲ್ ಎಂದು ಚೀಟಿ ಕೈಗಿಟ್ಟರು. ಐಡಲ್‌ನಲ್ಲಿ (ಕಾರು ನಿಂತು ಎಂಜಿನ್ ಸುಮ್ಮನೆ ಓಡುವಾಗ) ಸಿಒ 0.62, ಎಚ್‌ಸಿ 185. ರೇಸ್ ಮಾಡಿದಾಗ ಸಿಒ 0.41, ಲ್ಯಾಂಬ್ಡಾ 0.98. ಗ್ಯಾರೇಜಿನವರು ಚೀಟಿ ನೋಡಿದವರೇ ‘ಕ್ಯಾಟಲಿಟಿಕ್ ಕನ್ವರ್ಟರ್ ಹೋಗಿದೆ, 40 ಸಾವಿರ ಆಗುತ್ತದೆ’ ಎಂದರು. ನನಗೋ ಸೈಲೆನ್ಸರ್‌ನಿಂದ ಹೊಗೆಯೇ ಕಾಣಿಸುವುದಿಲ್ಲ. ಮನೆಯಿಂದ ಶಾಲೆಗೆ 3 ಕಿ.ಮೀ., ಅದಕ್ಕಷ್ಟೇ ಈ ಕಾರು. ಏನು ಮಾಡಲಿ?

ಉತ್ತರ (ಹುಬ್ಬಳ್ಳಿಯ ಮೆಕ್ಯಾನಿಕ್):
ಅಕ್ಕಾವರೆ, ಆ 40 ಸಾವಿರ ಸದ್ಯ ನಿಮ್ಮ ಪರ್ಸಿನಲ್ಲೇ ಇರಲಿ. ಕ್ಯಾಟಲಿಟಿಕ್ ಕನ್ವರ್ಟರ್ ಎಂದರೆ ಎಂಜಿನ್ ಉಗುಳುವ ವಿಷಗಾಳಿಯನ್ನು ಸೈಲೆನ್ಸರ್ ದಾರಿಯಲ್ಲೇ ಶುದ್ಧ ಮಾಡುವ ಡಬ್ಬಿ.

ಹೊಗೆ ಕಾಣದಿರುವುದಕ್ಕೂ ಈ ಟೆಸ್ಟ್‌ಗೂ ಸಂಬಂಧವಿಲ್ಲ. ಸಿಒ ಎಂದರೆ ಕಾರ್ಬನ್ ಮೋನಾಕ್ಸೈಡ್, ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ಪೆಟ್ರೋಲ್ ಅರ್ಧಂಬರ್ಧ ಉರಿದಾಗ ಹುಟ್ಟುವಂಥದ್ದು. ಎಚ್‌ಸಿ ಎಂದರೆ ಉರಿಯದೇ ಹಾಗೆಯೇ ಹೊರಬಿದ್ದ ಪೆಟ್ರೋಲ್. ಬಿಎಸ್-4 ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಸಿಒ ಶೇ 0.3, ಎಚ್‌ಸಿ 200 ಪಿಪಿಎಂ ದಾಟಬಾರದು. ಎಂಜಿನ್ ಅನ್ನು 2,500 ಆರ್‌ಪಿಎಂ ಆಸುಪಾಸಿಗೆ ಏರಿಸಿದಾಗ ಸಿಒ 0.2ರೊಳಗೆ, ಲ್ಯಾಂಬ್ಡಾ 0.97ರಿಂದ 1.03ರ ನಡುವೆ ಇರಬೇಕು. ಅಂದರೆ ನೀವು ಫೇಲ್ ಆಗಿರುವುದು ಸಿಒ ಒಂದರಲ್ಲೇ, ಆದರೆ ಎರಡೂ ಸಲ.

ನಿಮ್ಮ ಗ್ಯಾರೇಜಿನವರು ಗಮನಿಸದೇ ಬಿಟ್ಟಿದ್ದು ಆ 0.98 ಅನ್ನು. ಪಾಸ್ ಆಗಿದೆ ಎಂದು ಅದನ್ನು ಯಾರೂ ನೋಡುವುದಿಲ್ಲ. ಲ್ಯಾಂಬ್ಡಾ 1 ಎಂದರೆ ಗಾಳಿ ಮತ್ತು ಪೆಟ್ರೋಲ್ ಲೆಕ್ಕಕ್ಕೆ ಸರಿಯಾಗಿವೆ: ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ. ಒಂದಕ್ಕಿಂತ ಕಡಿಮೆ ಬಂದರೆ ಪೆಟ್ರೋಲ್ ಹೆಚ್ಚು ಬೀಳುತ್ತಿದೆ ಎಂದರ್ಥ. ಕನ್ವರ್ಟರ್ ಸತ್ತರೂ ಬದುಕಿದ್ದರೂ ಈ ಲ್ಯಾಂಬ್ಡಾ ಬದಲಾಗುವುದಿಲ್ಲ, ಏಕೆಂದರೆ ಅದು ಒಳಗೆ ಹೋದ ಗಾಳಿ ಮತ್ತು ಪೆಟ್ರೋಲಿನ ಲೆಕ್ಕ. ಕನ್ವರ್ಟರ್ ಒಂದೇ ಕೆಟ್ಟಿದ್ದರೆ ಲ್ಯಾಂಬ್ಡಾ 1.00 ಹತ್ತಿರವೇ ನಿಂತು, ಸಿಒ ಮತ್ತು ಎಚ್‌ಸಿ ಎರಡೂ ಏರಬೇಕಿತ್ತು. ನಿಮ್ಮಲ್ಲಿ ಹಾಗಿಲ್ಲ. ಎಂಜಿನ್ನೇ ಹೆಚ್ಚು ಪೆಟ್ರೋಲ್ ಕುಡಿಯುತ್ತಿದೆ, ಬಡಪಾಯಿ ಕನ್ವರ್ಟರ್ ಸುಧಾರಿಸಲಾಗದೆ ಕೈಚೆಲ್ಲಿದೆ.

ಮೂರು ವಿಷಯ ಹೇಳಿ. ಮೈಲೇಜ್ ಇಳಿದಿದೆಯೇ? ಮುಂಜಾನೆ ಶುರು ಮಾಡಿದಾಗ ಮೀಟರಿನಲ್ಲಿ ಎಂಜಿನ್ ಇನ್ನೂ ತಣ್ಣಗಿದೆ ಎನ್ನುವ ನೀಲಿ ಲೈಟ್ ಎಷ್ಟು ಹೊತ್ತು ಇರುತ್ತದೆ? ಕೂಲಂಟ್ (ಎಂಜಿನ್ ತಂಪಾಗಿಡುವ ದ್ರವ) ಅಥವಾ ರೇಡಿಯೇಟರ್ ಕೆಲಸ ಯಾವಾಗಲಾದರೂ ಮಾಡಿಸಿದ್ದಿರಾ?

ಶಿಕ್ಷಕಿ:
ಮೈಲೇಜ್ 16 ಇದ್ದದ್ದು 12ಕ್ಕೆ ಬಂದಿದೆ, ಊರೊಳಗಿನ ಓಡಾಟ ಎಂದು ಸುಮ್ಮನಿದ್ದೆ. ನೀಲಿ ಲೈಟ್ ಶಾಲೆ ಮುಟ್ಟುವವರೆಗೂ ಹೋಗುವುದಿಲ್ಲ. ಹೋದ ಬೇಸಿಗೆಯಲ್ಲಿ ಗದಗಿನಿಂದ ಬರುವಾಗ ಎಂಜಿನ್ ಬಿಸಿಯಾಗಿ ನಿಂತಿತ್ತು. ದಾರಿಯಲ್ಲಿ ಸಿಕ್ಕ ಗ್ಯಾರೇಜಿನಲ್ಲಿ ಪೈಪ್ ಬದಲಿಸಿ, ‘ಒಂದು ವಾಲ್ವ್ ತೆಗೆದಿದ್ದೇವೆ, ನಮ್ಮ ಕಡೆಯ ಬಿಸಿಲಿಗೆ ಅದು ಬೇಡ’ ಎಂದಿದ್ದರು.

ಉತ್ತರ:
ಸಿಕ್ಕಿತು ನೋಡಿ. ಆ ವಾಲ್ವ್‌ನ ಹೆಸರು ಥರ್ಮೋಸ್ಟಾಟ್. ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡದು, ನಡುವೆ ಹಿತ್ತಾಳೆಯ ಗುಂಡಿ, ಗುಂಡಿಯೊಳಗೆ ಮೇಣ. ಎಂಜಿನ್ ತಣ್ಣಗಿರುವ ತನಕ ಅದು ಮುಚ್ಚಿಕೊಂಡು ಕೂಲಂಟ್ ಅನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಸುಮಾರು 82ರಿಂದ 88 ಡಿಗ್ರಿಗೆ ಮೇಣ ಕರಗಿ ಹಿಗ್ಗಿದಾಗ ಬಾಯಿ ತೆರೆಯುತ್ತದೆ. ತೆಗೆದು ಎಸೆದರೆ ಕೂಲಂಟ್ ಶುರುವಿನಿಂದಲೇ ರೇಡಿಯೇಟರಿಗೆ ಹರಿಯುತ್ತದೆ, ಎಂಜಿನ್ ಬೇಗ ಬಿಸಿಯಾಗುವುದೇ ಇಲ್ಲ. ಎಂಜಿನ್ ತಣ್ಣಗಿದೆ ಎಂದು ಸೆನ್ಸರ್ ಹೇಳಿದ ಮೇಲೆ ಕಂಪ್ಯೂಟರ್ ಹೆಚ್ಚಿಗೆ ಪೆಟ್ರೋಲ್ ಕೊಡುತ್ತಲೇ ಇರುತ್ತದೆ. ಹಳೆಯ ಕಾರುಗಳಲ್ಲಿ ಚೋಕ್ ಎಳೆದು ಮರೆತು ಓಡಿಸಿದ ಹಾಗೆ.

ಅದರ ಮೇಲೆ ನಿಮ್ಮದು 3 ಕಿ.ಮೀ. ಓಟ. ಕನ್ವರ್ಟರ್ ಒಳಗಿನ ಜೇನುಗೂಡಿಗೆ ಬಳಿದ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಕೆಲಸ ಶುರು ಮಾಡಬೇಕಾದರೆ ಅದು 250–300 ಡಿಗ್ರಿ ಮುಟ್ಟಬೇಕು. ಒಲೆ ಹೊತ್ತುವ ಮೊದಲೇ ನೀವು ಶಾಲೆಯಲ್ಲಿರುತ್ತೀರಿ.

ಹೊಸ ಥರ್ಮೋಸ್ಟಾಟ್ ಹಾಕಿಸಿ, ಕೂಲಂಟ್ ತುಂಬಿಸಿ, ಪೈಪುಗಳಲ್ಲಿ ಸಿಕ್ಕ ಗಾಳಿ ಹೊರಹಾಕಿಸಿ. ಆಮೇಲೆ ಸ್ಕ್ಯಾನರ್ ಹಚ್ಚಿ ಕೂಲಂಟ್ ಉಷ್ಣತೆ ನೋಡಲು ಹೇಳಿ, 85–95ರಲ್ಲಿ ನಿಲ್ಲಬೇಕು. ಟೆಸ್ಟ್‌ಗೆ ಹೋಗುವ ದಿನ ಧಾರವಾಡದಿಂದ ನವನಗರದ ತನಕ ಓಡಿಸಿಕೊಂಡು ಬಂದು, ಎಂಜಿನ್ ಆರಿಸದೆ ಸಾಲಿನಲ್ಲಿ ನಿಲ್ಲಿ. ಎಸಿ ಬಂದ್ ಇರಲಿ.

ಪ್ರಶ್ನೆ (ಗದಗ):
ಅಣ್ಣಾ, ನನ್ನದು 2008ರ ಕಾರು. ಸಿಒ 0.3 ಬಂದು ಪಾಸ್, ಎಚ್‌ಸಿ 910 ಬಂದು ಫೇಲ್. ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತದೆ. ಟ್ಯಾಂಕಿಗೆ ಥಿನ್ನರ್ ಸುರಿದರೆ ಪಾಸ್ ಆಗುತ್ತದೆ ಎಂದು ಗೆಳೆಯ ಹೇಳಿದ.

ಉತ್ತರ:
ಆ ಗೆಳೆಯನ ಕಾರಿಗೇ ಮೊದಲು ಸುರಿಯಿರಿ. ಥಿನ್ನರ್ ರಬ್ಬರ್ ಪೈಪ್ ಮತ್ತು ಸೀಲುಗಳನ್ನು ತಿನ್ನುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ.

ನಿಮ್ಮ ಕಾಲದ ಕಾರಿಗೆ ಮಿತಿ ಸಡಿಲ: ಬಿಎಸ್-2 ಮತ್ತು ಬಿಎಸ್-3ಕ್ಕೆ ಸಿಒ 0.5, ಎಚ್‌ಸಿ 750. ಸರ್ಟಿಫಿಕೇಟ್ ಆರು ತಿಂಗಳಿಗೇ ಮುಗಿಯುತ್ತದೆ, ವರ್ಷದ ಅವಧಿ ಬಿಎಸ್-4 ಮತ್ತು ನಂತರದ್ದಕ್ಕೆ. ಸಿಒ ಸರಿಯಿದ್ದು ಎಚ್‌ಸಿ ಒಂದೇ ಜಿಗಿದಿದೆ, ಜೊತೆಗೆ ನಡುಕ ಬೇರೆ. ಯಾವುದೋ ಒಂದು ಸಿಲಿಂಡರ್‌ನಲ್ಲಿ ಕಿಡಿ ಹಾರುತ್ತಿಲ್ಲ. ಪ್ಲಗ್ ನಾಲ್ಕನ್ನೂ ಬಿಚ್ಚಿಸಿ ಸಾಲಾಗಿ ಇಟ್ಟು ನೋಡಿ. ಮೂರರ ತುದಿ ಬೂದುಕಂದು ಇದ್ದು ಒಂದು ಮಾತ್ರ ಒದ್ದೆಯಾಗಿ ಪೆಟ್ರೋಲ್ ವಾಸನೆ ಹೊಡೆದರೆ ಕಳ್ಳ ಅದೇ. ಪ್ಲಗ್, ಅದರ ವೈರ್ ಅಥವಾ ಕಾಯಿಲ್, ಈ ಕ್ರಮದಲ್ಲಿ ಬದಲಿಸಿ ನೋಡಿ. ಮೂರೂ ಸರಿಯಿದ್ದರೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ನೋಡಿಸಬೇಕು.

ಹೀಗೆಯೇ ಓಡಿಸಬೇಡಿ. ಉರಿಯದ ಪೆಟ್ರೋಲ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ, ಜೇನುಗೂಡು ಕರಗಿ ಕುಸಿಯುತ್ತದೆ. ಆಗ ನಿಜಕ್ಕೂ ಸಾವಿರಗಳ ಮಾತು.

ಪ್ರಶ್ನೆ (ಬ್ಯಾಡಗಿ):
2018ರ ಕಾರು. ಸಿಒ, ಎಚ್‌ಸಿ ಎರಡೂ ಚೆನ್ನಾಗಿವೆ, ಲ್ಯಾಂಬ್ಡಾ 1.08 ಎಂದು ಫೇಲ್ ಮಾಡಿದರು. ಏರ್ ಫಿಲ್ಟರ್ ಬದಲಿಸಲೇ? ಈಗ ಬರುತ್ತಿರುವ ಇ20 ಪೆಟ್ರೋಲಿನ ದೋಷವೇ?

ಉತ್ತರ:
ಮೆಣಸಿನಕಾಯಿ ಸುಗ್ಗಿಯಲ್ಲಿ ನಿಮ್ಮೂರಿನ ಕಾರಿನ ಏರ್ ಫಿಲ್ಟರ್ ಬಿಚ್ಚಿದರೆ ನಾವು ಗ್ಯಾರೇಜಿನವರೆಲ್ಲ ಸೀನುತ್ತೇವೆ, ಬದಲಿಸಿದರೆ ನಮಗೂ ಪುಣ್ಯ. ಆದರೆ ಈ ದೋಷ ಅದರದ್ದಲ್ಲ. ಕಾರ್ಬ್ಯುರೇಟರ್ ಕಾಲದಲ್ಲಿ ಫಿಲ್ಟರ್ ಕಟ್ಟಿದರೆ ಸಿಒ ಏರುತ್ತಿತ್ತು. ಈಗ ಸೆನ್ಸರ್ ಗಾಳಿಯ ಲೆಕ್ಕ ಇಟ್ಟು ಪೆಟ್ರೋಲನ್ನೂ ಅಷ್ಟಕ್ಕೇ ಇಳಿಸುತ್ತದೆ, ಎಳೆತ ಕಡಿಮೆಯಾಗುತ್ತದೆ ಅಷ್ಟೆ.

1.08 ಎಂದರೆ ಎಲ್ಲಿಂದಲೋ ಹೆಚ್ಚುವರಿ ಗಾಳಿ ಸೇರುತ್ತಿದೆ. ಮೊದಲು ಟೆಸ್ಟ್ ಮಾಡಿದವರ ಕೈಯನ್ನೇ ಅನುಮಾನಿಸಿ. ಪ್ರೋಬ್, ಅಂದರೆ ಅಳೆಯುವ ಯಂತ್ರದ ನಳಿಗೆ, ಸೈಲೆನ್ಸರ್ ಒಳಗೆ 30 ಸೆಂ.ಮೀ. ಹೋಗಬೇಕು. ತುದಿಗೆ ಸಿಕ್ಕಿಸಿ ಬಿಟ್ಟರೆ ಹೊರಗಿನ ಗಾಳಿಯನ್ನೇ ಅಳೆದಂತೆ. ಅದು ಸರಿಯಿದ್ದರೆ ಸೈಲೆನ್ಸರ್ ಜೋಡಣೆಗಳನ್ನು ನೋಡಿ. ಎಂಜಿನ್ ತಣ್ಣಗಿರುವಾಗಲೇ ಶುರು ಮಾಡಿ, ಒಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ನಾಲ್ಕೈದು ಸೆಕೆಂಡ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಬಗ್ಗಿ ಕೇಳಲಿ. ತೂತು ಇದ್ದಲ್ಲಿ ಬುಸ್ ಎನ್ನುತ್ತದೆ. ಇದನ್ನು ಬಯಲಿನಲ್ಲಿ ಮಾಡಿ, ಶೆಡ್ ಒಳಗೆ ಬೇಡ. ಸಿಒ ಜೀವ ತೆಗೆಯುತ್ತದೆ.

ಇ20ಯಲ್ಲಿ ಶೇ 20 ಎಥನಾಲ್ ಇದೆ. ಎಥನಾಲ್‌ನೊಳಗೇ ಆಮ್ಲಜನಕ ಇರುವುದರಿಂದ ಸಿಒ ಸಾಮಾನ್ಯವಾಗಿ ಇಳಿಯುತ್ತದೆ. ಆಕ್ಸಿಜನ್ ಸೆನ್ಸರ್ ಸರಿಯಿರುವ ಕಾರು ಲ್ಯಾಂಬ್ಡಾವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಮೈಲೇಜ್ ತುಸು ಬೀಳುವುದು ಬೇರೆ ಮಾತು: ಲೀಟರಿಗೆ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ.

ಪ್ರಶ್ನೆ (ಹುಬ್ಬಳ್ಳಿ):
ಇಷ್ಟೆಲ್ಲ ಯಾಕೆ? ನಂಬರ್ ಪ್ಲೇಟಿನ ಫೋಟೋ ಕಳಿಸಿದರೆ ಸರ್ಟಿಫಿಕೇಟ್ ಕೊಡುವವರಿದ್ದಾರಲ್ಲ.

ಉತ್ತರ:
ಇರಬಹುದು. ನಾನು ಅಂಥವರ ವಿಳಾಸ ಕೊಡುವವನಲ್ಲ. ಮಾಲಿನ್ಯ ಮಿತಿ ಮೀರಿದ ವಾಹನ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ರಲ್ಲಿ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಇದೆ. ಅದು ಹಾಗಿರಲಿ, ಈ ಅಕ್ಕಾವರು ಫೋಟೋ ಕಳಿಸಿ ಸರ್ಟಿಫಿಕೇಟ್ ತಂದಿದ್ದರೆ ಲೀಟರಿಗೆ 4 ಕಿ.ಮೀ. ಕಳೆದುಕೊಳ್ಳುತ್ತಲೇ ಇರುತ್ತಿದ್ದರು.

ಶಿಕ್ಷಕಿ (ಹತ್ತು ದಿನಗಳ ನಂತರ):
ಥರ್ಮೋಸ್ಟಾಟ್ ಹಾಕಿಸಿದೆ. ಬಿಚ್ಚಿದಾಗ ಆ ಜಾಗದಲ್ಲಿ ಬರೀ ರಬ್ಬರ್ ರಿಂಗ್ ಇತ್ತು. ಕೂಲಂಟ್ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ನವನಗರದ ತನಕ ಓಡಿಸಿಕೊಂಡು ಬಂದು ಟೆಸ್ಟ್ ಮಾಡಿಸಿದೆ: ಐಡಲ್‌ನಲ್ಲಿ ಸಿಒ 0.04, ಎಚ್‌ಸಿ 31. ರೇಸ್‌ನಲ್ಲಿ ಸಿಒ 0.02, ಲ್ಯಾಂಬ್ಡಾ 1.00. ನೀಲಿ ಲೈಟ್ ಈಗ ಅರ್ಧ ದಾರಿಯಲ್ಲೇ ಆರುತ್ತದೆ. ಆದರೆ 40 ಸಾವಿರ ಎಂದಿದ್ದ ಗ್ಯಾರೇಜಿನವರಿಗೆ ಚೀಟಿ ತೋರಿಸಿದರೆ, ‘ಏಪ್ರಿಲ್‌ನಲ್ಲಿ ಮತ್ತೆ ತೆಗೆಸಬೇಕಾಗುತ್ತದೆ ನೋಡಿ’ ಎಂದರು.

ಉತ್ತರ:
ತೆಗೆಸಬೇಡಿ ಅಕ್ಕಾವರೆ. ಏಪ್ರಿಲ್‌ನಲ್ಲಿ ಬಿಸಿಯಾದರೆ ಕೂಲಂಟ್ ಮಟ್ಟ ಮತ್ತು ರೇಡಿಯೇಟರ್ ಫ್ಯಾನ್ ನೋಡಿಸಿ. ಹೋದ ಸಲ ಗದಗ ರಸ್ತೆಯಲ್ಲಿ ನಿಂತದ್ದು ಪೈಪ್ ಸೋರಿದ್ದಕ್ಕೆ. ಪೈಪ್ ಬದಲಿಸಿದ ಮೇಲೆ ಆ ವಾಲ್ವ್ ಮುಟ್ಟುವ ಕಾರಣವೇ ಇರಲಿಲ್ಲ.