ಘಾಟಿಯಲ್ಲಿ ಬ್ರೇಕ್ ಪೆಡಲ್ ಕೆಳಗೆ ಹೋಯಿತು: ಗೂಡ್ಸ್ ಗಾಡಿ ಪ್ರಶ್ನೋತ್ತರ

ನಿರ್ವಾಹಕ: ಶಿವಮೊಗ್ಗದಲ್ಲಿ ಆ್ಯಪ್ ಮೂಲಕ ಬಾಡಿಗೆ ಹೊಡೆಯುವ ಸಣ್ಣ ಗೂಡ್ಸ್ ಗಾಡಿಯವರಿಗೆ ಈ ಸಂಜೆ. ಸಾಗರ ರಸ್ತೆಯ ಗ್ಯಾರೇಜ್ ಮೇಸ್ತ್ರಿ ಉತ್ತರ ಕೊಡುತ್ತಾರೆ. ಗಾಡಿ ವಿಷಯ ಮಾತ್ರ ಕೇಳಿ.

ವಿನೋಬನಗರ ಚಾಲಕ: ನಮಸ್ಕಾರ ಮೇಸ್ತ್ರಿ. ಆ್ಯಪ್‌ನಲ್ಲಿ ನನ್ನ ಟಾಟಾ ಏಸ್‌ಗೆ 750 ಕೆ.ಜಿ. ಅಂತ ತೋರಿಸುತ್ತದೆ. ಬುಕ್ ಮಾಡಿದವರು ಒಂದು ಟನ್ ತಂದಿಡುತ್ತಾರೆ. ಹಾಕಬಹುದಾ?

ಮೇಸ್ತ್ರಿ: ನಮಸ್ಕಾರ. ಹಾಕಬಾರದು. ಆರ್‌ಸಿಯಲ್ಲಿ ಗಾಡಿಯ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತದೆ. ಕಳೆದು ನೋಡಿ. ಉಳಿದಷ್ಟೇ ನಿಮ್ಮ ಲೋಡ್. ಸಿಮೆಂಟ್ ಮೂಟೆ 50 ಕೆ.ಜಿ. ಇರುತ್ತದೆ, 15 ಮೂಟೆಗೇ 750 ಆಯಿತು.

ತೀರ್ಥಹಳ್ಳಿ ಚಾಲಕ: ಅಣ್ಣಾ, ನಾನು ದಿನಾ ಶಿವಮೊಗ್ಗ ಸಿಟಿ ಒಳಗೇ ಓಡಿಸುವುದು. ಹೋದ ವಾರ ಆ್ಯಪ್‌ನಲ್ಲಿ ಪರಿಚಯವಾದ ಪಾರ್ಟಿ ಹೆಬ್ರಿಗೆ ಟೈಲ್ಸ್ ಒಯ್ಯಬೇಕು ಅಂದರು. ಎರಡಡಿ ಟೈಲ್ಸ್, 40 ಬಾಕ್ಸ್. ಆಗುಂಬೆ ಘಾಟಿ ಇಳಿಯುವಾಗ ಏಳನೇ ತಿರುವೋ ಎಂಟನೇ ತಿರುವೋ, ಪೆಡಲ್ ಸುಮ್ನೆ ಕೆಳಗೆ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ನಿಲ್ಲಿಸಿದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಬ್ರೇಕ್ ಸರಿ ಇದೆ. ಊರಲ್ಲಿ ತೋರಿಸಿದೆ, ಏನೂ ತೊಂದರೆ ಇಲ್ಲ ಅಂದರು. ಭಾನುವಾರ ಮತ್ತೆ ಅದೇ ಪಾರ್ಟಿ ಕರೆದಿದ್ದಾರೆ.

ಮೇಸ್ತ್ರಿ: ತಮ್ಮಾ, ಭಾನುವಾರ ಹೋಗಬೇಡ. ಮೊದಲು ಇಷ್ಟು ಹೇಳು. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಇಳಿದಿದೆಯಾ? ಆಯಿಲ್ ಬದಲಾಯಿಸಿ ಎಷ್ಟು ವರ್ಷ ಆಯಿತು?

ತೀರ್ಥಹಳ್ಳಿ ಚಾಲಕ: ಮಟ್ಟ ಸರಿಯಾಗಿದೆ. ಗಾಡಿ ತಗೊಂಡು ನಾಲ್ಕು ವರ್ಷ. ಬದಲಾಯಿಸಿದ ನೆನಪಿಲ್ಲ.

ಎಪಿಎಂಸಿ ಸ್ಟ್ಯಾಂಡ್ ಚಾಲಕ: ಸ್ಪ್ರಿಂಗ್‌ಗೆ ಒಂದು ಪಟ್ಟಿ ಜಾಸ್ತಿ ಹಾಕಿಸು ಮಾರಾಯ, ಒಂದೂವರೆ ಟನ್ ಆರಾಮಾಗಿ ಎಳೆಯುತ್ತದೆ.

ಮೇಸ್ತ್ರಿ: ಪಟ್ಟಿ ಹಾಕಿಸಿದರೆ ಗಾಡಿ ಕೂರುವುದಿಲ್ಲ, ಅಷ್ಟೇ. ಬ್ರೇಕ್ ಅದೇ, ಆಕ್ಸಲ್ ಅದೇ, ಟೈರ್ ಅದೇ. ದಯವಿಟ್ಟು ಆ ಹುಡುಗನಿಗೆ ಅದನ್ನು ಹೇಳಬೇಡಿ.

ತಮ್ಮಾ, ಮಟ್ಟ ಇಳಿದಿಲ್ಲ ಅಂದರೆ ಸೋರಿಕೆ ಇರಲಿಕ್ಕಿಲ್ಲ. ನಿನ್ನ ಆಯಿಲ್ ಕುದಿದಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆಯನ್ನು ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಮಳೆಗಾಲ ಗೊತ್ತಲ್ಲ. ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ 205 ಡಿಗ್ರಿವರೆಗೆ ಕುದಿಯುವುದಿಲ್ಲ. ನೀರು ಸೇರಿದ ಮೇಲೆ 140ಕ್ಕೇ ಕುದಿಯಬಹುದು. ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ನೀನು ಪೆಡಲ್ ಒತ್ತಿದ್ದೆಲ್ಲ ಆ ಆವಿಯನ್ನು ಹಿಂಡುವುದಕ್ಕೇ ಹೋಗುತ್ತದೆ, ಚಕ್ರಕ್ಕೆ ತಲುಪುವುದಿಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ಆಯಿಲ್ ಆಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ಅದಕ್ಕೇ ಊರಲ್ಲಿ ನೋಡಿದವರಿಗೆ ಏನೂ ಸಿಕ್ಕಿಲ್ಲ. ಸಿಟಿಯಲ್ಲಿ ಬ್ರೇಕ್ ಅಷ್ಟು ಕಾಯುವುದಿಲ್ಲ, ಹಾಗಾಗಿ ನಿನಗೂ ಗೊತ್ತಾಗಿಲ್ಲ.

ಇನ್ನು ಲೋಡ್. ಆ ಟೈಲ್ಸ್ ಬಾಕ್ಸ್ ಒಂದೊಂದು 25 ಕೆ.ಜಿ. ಅಂತ ಹಿಡಿದರೂ 40ಕ್ಕೆ ಒಂದು ಟನ್. 14 ತಿರುವಿನ ಘಾಟಿ. ಯಾವ ಗೇರ್‌ನಲ್ಲಿ ಇಳಿದೆ?

ತೀರ್ಥಹಳ್ಳಿ ಚಾಲಕ: ಮೂರನೇ ಗೇರ್. ನೇರ ಇದ್ದಲ್ಲಿ ನ್ಯೂಟ್ರಲ್.

ಮೇಸ್ತ್ರಿ: ನ್ಯೂಟ್ರಲ್ ಯಾರು ಹೇಳಿಕೊಟ್ಟರು?

ಗೋಪಾಳ ಸದಸ್ಯ: ಈ ಮೆಸೇಜ್ ಬಂದಿತ್ತು, ನೋಡಿ. “ಇಳಿಜಾರಲ್ಲಿ ನ್ಯೂಟ್ರಲ್ ಮಾಡಿ, ಡೀಸೆಲ್ ಉಳಿಸಿ. ಬ್ರೇಕ್ ಕಾದರೆ ಡ್ರಮ್‌ಗೆ ತಣ್ಣೀರು ಹೊಯ್ಯಿರಿ. ಬ್ರೇಕ್ ಆಯಿಲ್ ಇಲ್ಲದಿದ್ದರೆ ಎಂಜಿನ್ ಆಯಿಲ್ ಹಾಕಿ. ಎಲ್ಲ ಚಾಲಕರಿಗೂ ಕಳಿಸಿ.”

ಮೇಸ್ತ್ರಿ: ಇದನ್ನು ಯಾರಿಗೂ ಕಳಿಸಬೇಡಿ! ಈ ತಿಂಗಳು ನನಗೇ ಮೂರು ಸಲ ಬಂದಿದೆ. ಕಾದ ಡ್ರಮ್‌ಗೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ. ಎಂಜಿನ್ ಆಯಿಲ್ ಹಾಕಿದರೆ ಬ್ರೇಕ್ ಸಿಲಿಂಡರಿನ ರಬ್ಬರ್ ವಾಷರೆಲ್ಲ ಉಬ್ಬುತ್ತದೆ, ಬ್ರೇಕ್ ಪೂರ್ತಿ ಹೋಗುತ್ತದೆ. ಗೇರ್‌ನಲ್ಲಿಟ್ಟು ಆಕ್ಸಿಲೇಟರ್ ಬಿಟ್ಟರೆ ಈಗಿನ ಎಂಜಿನ್‌ಗೆ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲೇ ಡೀಸೆಲ್ ಉರಿಯುವುದು.

ತಮ್ಮಾ, ಯಾವ ಗೇರ್‌ನಲ್ಲಿ ಹತ್ತುತ್ತೀಯೋ ಅದೇ ಗೇರ್‌ನಲ್ಲಿ ಇಳಿ. ಘಾಟಿ ಶುರುವಾಗುವ ಮೊದಲೇ ಎರಡಕ್ಕೆ ಹಾಕು. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡ. ಗಟ್ಟಿಯಾಗಿ ಒತ್ತು, ಬಿಡು. ಇಳಿಯುವಾಗ ಎಂಜಿನ್ ಆಫ್ ಮಾಡಲೇಬೇಡ, ಪೆಡಲ್ ಒತ್ತಲು ಬಲ ಕೊಡುವ ಬೂಸ್ಟರ್ ಸತ್ತು ಪೆಡಲ್ ಕಲ್ಲಾಗುತ್ತದೆ. ಮತ್ತೆ ಪೆಡಲ್ ಕೆಳಗೆ ಹೋದರೆ ಬೇಗ ಬೇಗ ಪಂಪ್ ಮಾಡು, ಗೇರ್ ಇಳಿಸು, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪವೇ ಎಳೆ. ಅದು ಕೇಬಲ್‌ನಿಂದ ಕೆಲಸ ಮಾಡುವುದು, ಆಯಿಲ್‌ನಿಂದಲ್ಲ. ಕಣಿವೆ ಕಡೆ ಬಿಡಬೇಡ, ಗುಡ್ಡದ ಕಡೆ ತಾಗಿಸು.

ಭದ್ರಾವತಿ ಚಾಲಕ: ಮೇಸ್ತ್ರಿ, ಏಸ್‌ಗೆ ಎಷ್ಟು ಲೋಡ್ ಹಾಕಬಹುದು?

ಮೇಸ್ತ್ರಿ: ಮೇಲೆ ಹೇಳಿದ್ದೇನೆ.

ಕೋಟೆ ರಸ್ತೆ ಸದಸ್ಯೆ: ಎಲೆಕ್ಟ್ರಿಕ್ ಗೂಡ್ಸ್ ಗಾಡಿ ತಗೊಂಡರೆ ನಮ್ಮೂರ ಬಾಡಿಗೆಗೆ ಆಗುತ್ತದಾ?

ಎಪಿಎಂಸಿ ಸ್ಟ್ಯಾಂಡ್ ಚಾಲಕ: ಯಾವ ಗಾಡಿ ತಗೊಂಡರೂ ಅಷ್ಟೇ. ಆ್ಯಪ್‌ನವರು ಬಂದು ಬಾಡಿಗೆ ಅರ್ಧ ಮಾಡಿದರು. ಕಡಿಮೆ ದುಡ್ಡಿಗೆ ಓಡಿಸುವುದಕ್ಕೇ ಹುಡುಗರು ಜಾಸ್ತಿ ಲೋಡ್ ಹೊರುತ್ತಿರುವುದು.

ಗಾಂಧಿ ಬಜಾರ್ ವ್ಯಾಪಾರಿ: ನಿಮ್ಮ ಸ್ಟ್ಯಾಂಡ್‌ನಲ್ಲಿ ಮುಖ ನೋಡಿ ರೇಟ್ ಹೇಳುತ್ತಿದ್ದಿರಲ್ಲ? ಆ್ಯಪ್‌ನಲ್ಲಿ ಮೊದಲೇ ಗೊತ್ತಾಗುತ್ತದೆ.

ಎಪಿಎಂಸಿ ಸ್ಟ್ಯಾಂಡ್ ಚಾಲಕ: ಮೂರನೇ ಮಹಡಿಗೆ ಫ್ರಿಜ್ ಹೊತ್ತಿದ್ದೇವೆ ಸ್ವಾಮಿ, ಒಂದು ರೂಪಾಯಿ ಜಾಸ್ತಿ ಇಲ್ಲದೆ. ಆ್ಯಪ್‌ನ ಹುಡುಗನಿಗೆ ಕಾಯುವ ದುಡ್ಡು ನೀವು ಎಷ್ಟು ಸಲ ಕೊಟ್ಟಿದ್ದೀರಿ?

ಗಾಂಧಿ ಬಜಾರ್ ವ್ಯಾಪಾರಿ: ನನ್ನ ಲೆಕ್ಕ ನಿಮಗೆ ಬೇಡ.

ವಿನೋಬನಗರ ಚಾಲಕ: ಇಬ್ಬರೂ ಬಿಡಿ. ಜಾಸ್ತಿ ಲೋಡ್ ಇದೆ ಅಂತ ಟ್ರಿಪ್ ಬಿಟ್ಟರೆ ನಮ್ಮ ರೇಟಿಂಗ್ ಇಳಿಯುತ್ತದೆ. ಅದಕ್ಕೆ ಏನು ಮಾಡುವುದು, ಯಾರಾದರೂ ಹೇಳಿ.

ಗೋಪಾಳ ಸದಸ್ಯ: ಎಲ್‌ಎಂವಿ (ಹಗುರ ವಾಹನದ) ಲೈಸೆನ್ಸ್ ಸಾಕಾ, ಬಾಡಿಗೆ ಗಾಡಿಯ ಬ್ಯಾಡ್ಜ್ ಬೇಕಾ?

ಮೇಸ್ತ್ರಿ: 7500 ಕೆ.ಜಿ. ಒಳಗಿನ ಗಾಡಿಗೆ ಎಲ್‌ಎಂವಿ ಸಾಕು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಭದ್ರಾವತಿ ಚಾಲಕ: 900 ಹಾಕಿದರೆ ನಡೆಯುತ್ತದಾ ಮೇಸ್ತ್ರಿ?

ಮೇಸ್ತ್ರಿ: ಇಲ್ಲ. ಇನ್ನು ಲೋಡ್ ಬಗ್ಗೆ ಕೇಳಿದರೆ ಉತ್ತರ ಕೊಡುವುದಿಲ್ಲ.

ನಿರ್ವಾಹಕ: ಬಾಡಿಗೆ ಜಗಳ ಇಲ್ಲಿ ಬೇಡ. ಇನ್ನೊಂದು ಮಾತು ಬಂದರೆ ಇಬ್ಬರನ್ನೂ ತೆಗೆಯುತ್ತೇನೆ.

ತೀರ್ಥಹಳ್ಳಿ ಚಾಲಕ: ಅಣ್ಣಾ, ಪಾರ್ಟಿ ಮುಂಗಡ ಕೊಟ್ಟುಬಿಟ್ಟಿದ್ದಾರೆ.

ಮೇಸ್ತ್ರಿ: ವಾಪಸ್ ಕೊಡು. ಅವರ ನಂಬರ್ ಕಳಿಸು, ನಾನೇ ಮಾತಾಡುತ್ತೇನೆ. ನಾಳೆ ಬೆಳಗ್ಗೆ ಗಾಡಿ ಖಾಲಿ ತಗೊಂಡು ಬಾ. ಆಯಿಲ್ ಪೂರ್ತಿ ತೆಗೆದು ಹೊಸದು ಹಾಕಿ ಬ್ರೇಕ್ ಪೈಪಿನ ಗಾಳಿ ತೆಗೆಯೋಣ. ಡ್ರಮ್ ಬಿಚ್ಚಿ ಒಳಗೆ ಉಜ್ಜುವ ಲೈನರ್ ನೋಡಬೇಕು, ಅಷ್ಟು ಕಾದ ಮೇಲೆ ಸುಟ್ಟು ನುಣುಪಾಗಿರುತ್ತದೆ. ಬರುವಾಗ ನಿಧಾನ ಬಾ, ಮಂಡಗದ್ದೆ ಕಡೆ ತಿರುವಿದೆ.